ಬಲಸೊಂಟದ ಕಿಸೆ

ಹದಿನೈದು ವರ್ಷ ನ್ಯೂಯಾರ್ಕಿನಲ್ಲಿ ಕ್ರೀಡಾ ಉಡುಪುಗಳ ಡಿಸೈನರ್ ಆಗಿದ್ದು, ಅಮೆರಿಕದ ಪಾಸ್‌ಪೋರ್ಟನ್ನೂ ಗಿಟ್ಟಿಸಿಕೊಂಡು, ಹುಟ್ಟಿದ ಕುವೈತಿಗೇ ಮರಳಿ ಶರ್ಕ್‌ನಲ್ಲಿ ಆಫೀಸು ತೆರೆದ ಆಲ್ರೊಯ್ ಬಸ್ಸಿನ ಹಿಂದೆಯೂ ಓಡಿದವನಲ್ಲ. ಕುವೈತಿನದೇ ಫಿಂಟಾಸಿನ ಕಡಲ ದಂಡೆಯಲ್ಲಿ ವಾಕಿಂಗ್ ಮಾಡುವ ಮಂಗಳೂರಿನ ಆಂಟಿಯರೇ ಅವನ ಮಾಡೆಲ್‌ಗಳು. "ಶರ್ಲಿನ್ ಆಂಟಿ, ಗ್ಯಾಸ್ ಸಿಲಿಂಡರ್ ಎತ್ತುವ ಹಾಗೆ ಒಮ್ಮೆ ಬಗ್ಗಿ!" ಎನ್ನುತ್ತಾನೆ, ತೊಟ್ಟ ಪ್ಯಾಂಟಿನ ಹೊಲಿಗೆ ಬಿಟ್ಟುಕೊಂಡರೆ ಆ ಡಿಸೈನ್ ರದ್ದು. "ನಿನ್ನ ಅಮೆರಿಕದವರು ಇಷ್ಟು ಬಗ್ಗುವುದುಂಟಾ ಮಾರಾಯ?" ಎಂದು ಆಂಟಿ ಸೊಂಟ ಹಿಡಿದುಕೊಂಡೇ ನಗುತ್ತಾರೆ. ಬಣ್ಣಕ್ಕೂ ಬಟ್ಟೆಗೂ ರಾಜಿಯಾಗುವ ಈತ, ಪ್ರತಿ ಪ್ಯಾಂಟಿನ ಬಲಸೊಂಟದ ಪುಟ್ಟ ಕಿಸೆಯನ್ನು ಮಾತ್ರ ಎಳೆಯಷ್ಟೂ ಬದಲಿಸಗೊಡುವುದಿಲ್ಲ. ಇಯರ್‌ಫೋನಿಗೆ ಹೇಳಿ ಮಾಡಿಸಿದ ಕಿಸೆಯೆಂದು ನ್ಯೂಯಾರ್ಕಿನ ಗಿರಾಕಿಗಳು ಹೊಗಳಿದರೆ, "ತುಂಬಾ ರಿಸರ್ಚ್ ಉಂಟು ಅದರಲ್ಲಿ" ಎಂದು ಮುಖ ಗಂಭೀರ ಮಾಡುತ್ತಾನೆ. ರಿಸರ್ಚ್ ಇಷ್ಟೇ: ಅವನು ಕಳಿಸಿದ ಮೊದಲ ಪ್ಯಾಂಟನ್ನು ಅಮ್ಮ ಬೆಟ್ಟಿಬಾಯಿ, "ನಡೆಯುವಾಗ ಜಪಸರ ಇಡ್ಲಿಕ್ಕೆ ಜಾಗ ಇಲ್ಲದ್ದು ನನಗೆ ಬೇಡ ಪುತಾ" ಎಂದು ವಾಪಸ್ ಕಳಿಸಿದ್ದಳು. ಕಿಸೆಯಿಟ್ಟು ಎರಡನೆಯದನ್ನು ಹೊಲಿಸುವಷ್ಟರಲ್ಲಿ ಅಮ್ಮನೇ ಇರಲಿಲ್ಲ. ಇಂದಿಗೂ ಹೊಸ ಸ್ಯಾಂಪಲ್ ಬಂದರೆ ಆಲ್ರೊಯ್ ಮೊದಲು ಅವಳ ಜಪಸರವನ್ನು ಆ ಕಿಸೆಯೊಳಗಿಳಿಸುತ್ತಾನೆ. ಹೊರತೆಗೆದು ತುಟಿಗೊತ್ತಿಕೊಂಡ ಮೇಲೆಯೇ, "ಖಲಾಸ್, ಪಾಸ್" ಎನ್ನುತ್ತಾನೆ.