ಹೆಸರಿನ ಮೇಲಿನ ಹೆಸರು

ನಾಟಕ ಮುಗಿಯಿತೆಂದು ಎದ್ದು ನಿಂತು ಚಪ್ಪಾಳೆ ಹೊಡೆದವನು ಇಡೀ ಥಿಯೇಟರಿನಲ್ಲಿ ನಾನೊಬ್ಬನೇ. ದೀಪ ಆರಿದ್ದು ನಿಜ. ಆದರೆ ಆರಿದ್ದು ದೃಶ್ಯ ಬದಲಿಸುವುದಕ್ಕೆ. ಮತ್ತೆ ಬೆಳಕು ಬಂದಾಗ ರಂಗದ ಮೇಲೆ ಕಾನ್ಸೆಟ್ಟಾ ವಿಟಾಲೆ, ನಮಗೆಲ್ಲ ಕಾನಿ, ಹಾಸಿಗೆಯಲ್ಲಿ ಮಲಗಿದ್ದಳು. ಕೆಳಗೆ ಮೂರನೆಯ ಸಾಲಿನಲ್ಲಿ ನಾನು ದೀಪದ ಕಂಬದಂತೆ ನಿಂತಿದ್ದೆ. ಪಕ್ಕದಲ್ಲಿದ್ದ ಅವಳ ಗಂಡ ಸೈ ಪೆರ್ಲ್‌ಮಟರ್ ನನ್ನ ಕೋಟಿನ ಅಂಚು ಹಿಡಿದೆಳೆದು, "ಕೂತ್ಕೋ ಮಾರಾಯ, ಅವಳಿನ್ನೂ ಸತ್ತಿಲ್ಲ" ಎಂದ. ಕೂರಲು ಹೋದೆ. ಬ್ರಾಡ್‌ವೇ ಕುರ್ಚಿಗಳು ನಾವು ಎದ್ದ ತಕ್ಷಣ ಮಡಚಿಕೊಳ್ಳುತ್ತವೆ ಎಂಬುದನ್ನು, ಇಷ್ಟು ವರ್ಷ ಅವೇ ಕುರ್ಚಿಗಳಲ್ಲಿ ಕೂತು ನಾಟಕದವರ ಬಗ್ಗೆ ತಮಾಷೆ ಬರೆದು ಹೊಟ್ಟೆ ಹೊರೆದ ನಾನು ಮರೆತಿದ್ದೆ. ನೆಲದ ಮೇಲೆ ಕೂತೆ. ಕಾನಿ ಸತ್ತದ್ದನ್ನು ಮುಂದಿನ ಸಾಲಿನವರ ಭುಜಗಳ ಸಂದಿಯಿಂದ ನೋಡಿದೆ. ಹಾಗೆ ನೋಡಿಯೂ ಅತ್ತೆ.

ಸೈ ಅಲ್ಲೇ ಒಂದು ಥಿಯೇಟರಿನ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತನಾದವನು. ಕಿಟಕಿ ಹೋಯಿತು, ಕೂರುವ ಚಟ ಉಳಿಯಿತು. ಪಕ್ಕದ ಬೀದಿಯ ಕಾಫಿಷಾಪಿನಲ್ಲಿ ಎಲೆಕೋಸಿನ ಸೂಪಿನ ಮುಂದೆ ಕೂತಿರುತ್ತಿದ್ದ. ವಸಂತ ಬಂತೆಂದರೆ ನಾವು ನಾಲ್ಕಾರು ಜನ ಅವನ ಮೇಜಿನ ಸುತ್ತ ಸೇರುತ್ತಿದ್ದೆವು. ಈ ಸಲ ಪ್ರಶಸ್ತಿಯ ಕಣದಲ್ಲಿ ಯಾರು ಯಾರು? ಬ್ರಾಡ್‌ವೇ ನಾಟಕದವರಿಗೆ ಪ್ರಶಸ್ತಿ ಎಂದರೆ ವರ್ಷಕ್ಕೊಮ್ಮೆ ಕೊಡುವ ಅದೊಂದೇ, ಹೆಸರು ಹೇಳಬೇಕಿಲ್ಲ. ನಟನೆಯ ಒಂದೊಂದು ವಿಭಾಗಕ್ಕೂ ಐದು ಜನರನ್ನು ಆರಿಸುತ್ತಾರೆ. ಗೆಲ್ಲುವವರು ಯಾರೆಂದು ಯಾವ ಮೂರ್ಖನಾದರೂ ಹೇಳಿಯಾನು, ಐದನೆಯವರು ಯಾರೆಂದು ಹೇಳುವುದೇ ವಿದ್ಯೆ ಎಂಬುದು ಸೈನ ಸಿದ್ಧಾಂತ. ಅವನು ನಟನೆಯ ಗೊಡವೆಗೇ ಹೋಗುತ್ತಿರಲಿಲ್ಲ. "ಯಾರು ಚೆನ್ನಾಗಿ ಮಾಡಿದ್ರು ಅನ್ನೋದು ಬೇಡ. ಊರಿಗೆ ಈಗ ಯಾರನ್ನ ಕಂಡ್ರೆ ಅಯ್ಯೋ ಪಾಪ ಅನ್ನಿಸ್ತಿದೆ, ಅದು ನೋಡು" ಎನ್ನುತ್ತಿದ್ದ. ಹೋದ ವರ್ಷ ಕೈತಪ್ಪಿದವರು, ಸಿನಿಮಾದಲ್ಲಿ ಸೋತು ವಾಪಸು ಬಂದವರು, ಹೊಸದಾಗಿ ಗಂಡನನ್ನು ಕಳೆದುಕೊಂಡವರು. ಅವನ ಊಹೆಯೂ ತಪ್ಪುತ್ತಿತ್ತು. ತಪ್ಪಿದಾಗ, ತಪ್ಪು ಪ್ರಶಸ್ತಿಯವರದೇ ಎಂದು ಸಾಧಿಸುವ ಗಂಟಲು ಅವನಿಗಿತ್ತು. ನನ್ನ ಊಹೆಗಳ ಮಾತು ಬೇಡ. ನಾನು ಯಾರನ್ನಾದರೂ ಹೊಗಳಿದರೆ ಸೂಪು ತಂದಿಡುವ ಡಾಟಿ, "ಪಾಪ, ಅವಳ ಕತೆ ಮುಗೀತು" ಎನ್ನುತ್ತಿದ್ದಳು.

ಕಾನಿ ನಲವತ್ತು ವರ್ಷ ಪಕ್ಕದ ಮನೆಯವಳಾಗಿದ್ದಳು, ರಂಗದ ಮೇಲೆ. ನರ್ಸು, ನಾದಿನಿ, ಸಕ್ಕರೆ ಕೇಳಲು ಬಂದು ಸುದ್ದಿ ಹೇಳಿ ಹೋಗುವವಳು. ನಮ್ಮ ಬೀದಿಯಲ್ಲಿ ಮನುಷ್ಯರ ಜಾತಿ ಎರಡೇ. ಥಿಯೇಟರಿನ ಮುಂದಿನ ಹಲಗೆಯಲ್ಲಿ ನಾಟಕದ ಹೆಸರಿಗಿಂತ ಮೇಲೆ ಹೆಸರಿರುವವರು, ಕೆಳಗೆ ಹೆಸರಿರುವವರು. ಕಾನಿಯ ಹೆಸರು ಕೆಳಗಿನವರಲ್ಲೂ ಕೆಳಗೆ, ಇರುವೆ ಸಾಲಿನಂತೆ ಇರುತ್ತಿತ್ತು.

ಈ ಸಲ ಸಿಕ್ಕಿದ್ದು ಸಾಯುವ ತಾಯಿಯ ಪಾತ್ರ. ಎರಡೇ ದೃಶ್ಯ. ಕತ್ತು ನೋವು ಹೆಚ್ಚಾಗಿ, ಇದೇ ಕೊನೆಯ ನಾಟಕ ಎಂದು ಅವಳು ಹೇಳಿಬಿಟ್ಟಿದ್ದಳು. ತಾಲೀಮು ನಡೆಯುತ್ತಿದ್ದಾಗ ಸೈ ಯಾರಿಗೂ ಹೇಳದೆ ನಿರ್ಮಾಪಕ ಗ್ರೇಡನ್ ಹೋಲ್ಟ್‌ನ ಬಳಿ ಹೋಗಿ, ಒಂದೇ ಒಂದು ಸಲ ಅವಳ ಹೆಸರನ್ನು ನಾಟಕದ ಹೆಸರಿನ ಮೇಲೆ ಹಾಕಿಸಿ ಎಂದು ಕೇಳಿಕೊಂಡ. ಹೋಲ್ಟ್‌ಗೆ ಖರ್ಚಿಲ್ಲದ ಉದಾರತನವೆಂದರೆ ಪ್ರಾಣ. ಹಾಕಿಸಿದ. ಇದು ಹೋಲ್ಟ್ ತಾನಾಗಿಯೇ ಕೊಟ್ಟ ಮರ್ಯಾದೆ ಎಂದು ಕಾನಿ ತಿಳಿದಳು, ಸೈ ತಿಳಿಯಲು ಬಿಟ್ಟ. ದಿನಾ ಮಧ್ಯಾಹ್ನ ಅವಳು ಎದುರು ಫುಟ್‌ಪಾತಿನಲ್ಲಿ ನಿಂತು, ಕತ್ತೆತ್ತಿ ಹಲಗೆ ನೋಡಿ, ಆ ಕತ್ತನ್ನು ನೀವಿಕೊಳ್ಳುತ್ತ ಒಳಗೆ ಹೋಗುವಳು. "ಒಂದ್ಸಲ ನೋಡಿದ್ರೆ ಸಾಲ್ದೇನೇ" ಎಂದು ಸೈ ಬೈದರೆ, "ನಲವತ್ತು ವರ್ಷ ಬಗ್ಗಿ ಓದಿದೀನಿ ಕಣೋ, ಸುಮ್ನಿರು" ಎನ್ನುವಳು.

ನಾನು ನೆಲಕ್ಕೆ ಬಿದ್ದದ್ದು ಮೊದಲ ಪ್ರದರ್ಶನದಲ್ಲಿ. ಮರುದಿನದ ಪತ್ರಿಕೆಗಳೆಲ್ಲ ಕಾನಿಯ ಸಾವನ್ನು ಹೊಗಳಿದ್ದವು. ಕಾಫಿಷಾಪಿನಲ್ಲಿ ಸೈ ಪೋಷಕ ನಟಿಯರ ವಿಭಾಗಕ್ಕೆ ನಾಲ್ಕು ಹೆಸರು ಹೇಳಿದ. ಆಮೇಲೆ ಚಮಚ ಕೆಳಗಿಟ್ಟು, ಯಾರದೋ ಮನೆಯ ಹೆಂಗಸಿನ ಹೆಸರೆಂಬಂತೆ, "ವಿಟಾಲೆ" ಎಂದ. ಅವನ ಬಾಯಲ್ಲಿ ಆ ಹೆಸರು ಆ ಮೇಜಿನಲ್ಲಿ ಬಂದದ್ದು ಅದೇ ಮೊದಲು. ನಾವು ಮೇಜು ಕುಟ್ಟಿದೆವು. ಡಾಟಿ ಕಾಫಿ ಬಗ್ಗಿಸುತ್ತ, "ಪೋಷಕ ನಟಿ ಹೆಂಗಾಗ್ತಾಳೆ? ಹೆಸರು ಮೇಲಿದೆಯಲ್ಲ" ಎಂದಳು.

ಮೇಜು ಕುಟ್ಟುವುದು ನಿಂತಿತು. ನಾಟಕದ ಹೆಸರಿಗಿಂತ ಹೆಸರು ಮೇಲಿದ್ದರೆ ಪ್ರಶಸ್ತಿಯವರ ಲೆಕ್ಕದಲ್ಲಿ ಪ್ರಧಾನ ನಟಿ, ಕೆಳಗಿದ್ದರೆ ಪೋಷಕ ನಟಿ. ಪಾತ್ರ ಎಷ್ಟುದ್ದ ಎಂದು ಯಾರೂ ಅಳೆಯುವುದಿಲ್ಲ. ಎರಡು ದೃಶ್ಯದ ಕಾನಿ ಈಗ, ತೆರೆ ಎದ್ದಾಗಿನಿಂದ ಬೀಳುವವರೆಗೆ ರಂಗ ಬಿಟ್ಟು ಕದಲದ ಮಹಾರಾಣಿಯರ ಎದುರು ನಿಲ್ಲಬೇಕು. ಈ ನಿಯಮವನ್ನು ನಮಗೆಲ್ಲ ಕಲಿಸಿದವನೇ ಸೈ. ಕಾನಿಗೆ ಗೊತ್ತಿರಲಿಲ್ಲವೇ ಎಂದರೆ, ಬಡವರಿಗೆ ಆಸ್ತಿ ತೆರಿಗೆಯ ನಿಯಮ ಗೊತ್ತಿರುವಷ್ಟು.

ಎಲ್ಲರೂ ಎದ್ದುಹೋದ ಮೇಲೆ ಸೈ ನನಗೆ ನಡೆದದ್ದನ್ನೆಲ್ಲ ಹೇಳಿದ. "ನಿಯಮ ಮರ್ತಿರ್ಲಿಲ್ಲ ಕಣೋ. ಪ್ರಶಸ್ತಿ, ನನ್ನ ಹೆಂಡ್ತಿ, ಎರಡೂ ಒಟ್ಟಿಗೆ ತಲೆಗೇ ಬರ್ಲಿಲ್ಲ." ಊರವರ ಹಣೆಬರಹವನ್ನೆಲ್ಲ ಓದುತ್ತಿದ್ದವನು, ಮನೆಯವಳಿಗೂ ಒಂದು ಹಣೆಯಿದೆ ಎಂಬುದನ್ನೇ ನೋಡಿರಲಿಲ್ಲ.

ನಿರ್ಮಾಪಕರು ಅರ್ಜಿ ಹಾಕಿಕೊಂಡರೆ ಪ್ರಶಸ್ತಿ ಸಮಿತಿ ವಿಭಾಗ ಬದಲಿಸುವುದುಂಟು. ಸೈ ಟೈ ಕಟ್ಟಿಕೊಂಡು ಹೋಲ್ಟ್‌ನನ್ನು ಕಾಣಲು ಹೋದ. ಧೈರ್ಯಕ್ಕೆಂದು ನನ್ನನ್ನು ಕರೆದೊಯ್ದ, ಅಲ್ಲಿಗೆ ಅವನ ಕಷ್ಟ ಎಷ್ಟೆಂದು ತಿಳಿಯಿರಿ. ಹೋಲ್ಟ್ ಬಹಳ ಮರ್ಯಾದೆಯಿಂದ ಕೂರಿಸಿದ. ಮಗಳ ಪಾತ್ರದ ಹುಡುಗಿಯನ್ನು ಪೋಷಕ ವಿಭಾಗದಲ್ಲಿ ನಿಲ್ಲಿಸಿದ್ದೇನೆ, ತಾಯಿಯನ್ನೂ ಅಲ್ಲೇ ನಿಲ್ಲಿಸಿದರೆ ವೋಟು ಒಡೆಯುತ್ತದೆ ಎಂದು ವಿವರಿಸಿದ. ಸೈ ಏಳಲಿಲ್ಲ. ಆಗ ಹೋಲ್ಟ್ ಮೆಲ್ಲಗೆ, "ಮೇಲೆ ಹಾಕಿ ಅಂತ ಕೇಳ್ಕೊಂಡು ಬಂದೋರು ನೀವೇ ಅಲ್ವಾ ಪೆರ್ಲ್‌ಮಟರ್ ಅವರೇ?" ಎಂದ. ಸೈ ಎದ್ದ.

ಕಾನಿಗೆ ಹೇಳಕೂಡದೆಂದು ಲಿಫ್ಟಿನಲ್ಲಿ ನನ್ನಿಂದ ಮಾತು ತೆಗೆದುಕೊಂಡ. ಹೇಳಿದರೆ ಅವಳಿಗೆ ಸಿಕ್ಕ ಒಂದೇ ಮರ್ಯಾದೆ ಗಂಡ ಬೇಡಿ ತಂದ ಭಿಕ್ಷೆಯಾಗುತ್ತದೆ. ಹೇಳದಿದ್ದರೆ, ಹೆಸರು ಬರದ ದಿನ, ತನ್ನ ನಟನೆಯೇ ಸಾಲಲಿಲ್ಲ ಎಂದುಕೊಳ್ಳುತ್ತಾಳೆ. ಎರಡರಲ್ಲಿ ಯಾವುದು ವಾಸಿ ಎಂದು ಕೇಳಿದ. ಕೇಳಿದ್ದು ತಮಾಷೆ ಬರೆಯುವವನನ್ನು. ಲಿಫ್ಟು ಕೆಳಗೆ ಮುಟ್ಟುವವರೆಗೂ ನಾನು ಗೋಡೆಯ ಮೇಲಿನ ಗುಂಡಿಗಳನ್ನು ಓದುತ್ತ ನಿಂತೆ.

ಹೆಸರುಗಳು ಹೊರಬೀಳುವ ಬೆಳಿಗ್ಗೆ, ಎಂದೂ ಆ ಮೇಜಿಗೆ ಬರದ ಕಾನಿ ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಡಾಟಿ ಟಿವಿಯ ದನಿ ಏರಿಸಿದಳು. ಪೋಷಕ ನಟಿಯರಲ್ಲಿ ಮಗಳ ಪಾತ್ರದ ಹುಡುಗಿ ಇದ್ದಳು. ಮೊದಲು ಚಪ್ಪಾಳೆ ತಟ್ಟಿದವಳು ಕಾನಿಯೇ. ಪ್ರಧಾನ ನಟಿಯರ ಐದು ಹೆಸರುಗಳು, ಹಿಂದಿನ ವಾರ ಕಾನಿಯನ್ನು ಬಿಟ್ಟು ಸೈ ಊಹಿಸಿದ್ದ ಅವೇ ಐದು. ಐದನೆಯದೂ. ಅವನ ಊಹೆ ಅಷ್ಟು ಸರಿಯಾಗಿ ಎಂದೂ ಬಂದಿರಲಿಲ್ಲ. ಯಾರೂ ಅವನ ಬೆನ್ನು ತಟ್ಟಲಿಲ್ಲ.

"ದಿನಾ ಸಾಯೋರಿಗೆ ಅಳೋರ್ಯಾರು ಬಿಡಿ" ಎಂದು ಕಾನಿ ನಕ್ಕಳು. ನಾವೂ ನಕ್ಕೆವು. ಕೋಟು ಬಿಚ್ಚದೆಯೇ ಕಾಫಿ ಕುಡಿದಳು. ಲೋಟ ಕೆಳಗಿಟ್ಟು, "ಅಷ್ಟೊಂದು ಚೆನ್ನಾಗಿರ್ಲಿಲ್ಲ ಅಂತ ಕಾಣ್ಸುತ್ತೆ" ಎಂದಳು, ಯಾರಿಗೂ ಅಲ್ಲದೆ. ಸೈ ಬಾಯಿ ತೆರೆದ. ತೆರೆದ ಬಾಯಿಗೆ ಬ್ರೆಡ್ಡು ತುರುಕಿಕೊಂಡ.

ಹುಡುಗಿಯೂ ಗೆಲ್ಲಲಿಲ್ಲ, ನಾಟಕ ನಿಂತಿತು. ಹಲಗೆ ಇಳಿಸುವ ಮಧ್ಯಾಹ್ನ ನಾವು ಮೂವರು ಎದುರು ಫುಟ್‌ಪಾತಿನಲ್ಲಿ ನಿಂತಿದ್ದೆವು. ಏಣಿಯವರು ಮೇಲಿನ ಸಾಲಿನಿಂದಲೇ ಶುರುಮಾಡಿದರು. ಒಂದೊಂದೇ ಅಕ್ಷರ ಕೈಯಿಂದ ಕೈಗೆ ಇಳಿದು ಲಾರಿಯೊಳಗೆ ಬೀಳುತ್ತಿತ್ತು. ನಾನು ಏನಾದರೂ ತಮಾಷೆ ಸಿಕ್ಕೀತೇ ಎಂದು ತಡಕಾಡಿದೆ, ಸಿಗಲಿಲ್ಲ. ಕಾನಿ ಕತ್ತು ಹಿಡಿದುಕೊಂಡು ಹಲಗೆಯನ್ನೇ ನೋಡುತ್ತಿದ್ದಳು.

"ಡಾಟಿ ಏನೋ ನಿಯಮ ಅಂತಿದ್ಲು" ಎಂದಳು. "ಸೈ, ನನ್ನ ಹೆಸರು ಕೆಳಗೇ ಇದ್ದಿದ್ರೆ ಏನಾಗ್ತಿತ್ತು?"

ಲಾರಿಯೊಳಗೆ ಇನ್ನೊಂದು ಅಕ್ಷರ ಬಿತ್ತು.

"ಕತ್ತು ನೋಯ್ತಿರ್ಲಿಲ್ಲ" ಎಂದ ಸೈ.