ದೇಶನೂರಿನ ಬಿಸಿನೀರು

ಆ ಗುಡಿಸು ಹಾಕಿದವಳು ನಾನಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬಳ್ಳಾರಿಯಲ್ಲಿ ಈ ಸಂಗತಿ ನೆನಪಿರುವ ಕೆಲವರು ಅದು ನನ್ನದೇ ಕೈಚಳಕವೆಂದು ಈಗಲೂ ನಂಬಿದ್ದಾರೆ. ಅವರು ಹಾಗೆ ನಂಬಿರುವುದು ಒಂದೊಂದು ಸಲ ನನಗೂ ಹಿತವಾಗುತ್ತದೆ. ಆದರೆ ‘ಬಸಿ’ ಎಂಬಲ್ಲಿ ಬಕಾರಕ್ಕೆ ಗುಡಿಸು ಕೊಟ್ಟು ಅದನ್ನು ‘ಬಿಸಿ’ ಮಾಡಿದವರು ಮಾಸ್ತರರು. ನನ್ನ ಕಣ್ಣೆದುರಿಗೇ, ತಮ್ಮ ಮಸಿಪೆನ್ನಿನಿಂದಲೇ ಮಾಡಿದರು. ನಾನು ಅದನ್ನು ಅಲ್ಲಿಯೇ ಇರಗೊಟ್ಟೆ, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಭೂಗೋಳದ ಎಂ.ಎ. ಮುಗಿಸಿ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಮರಳಿದ್ದೆ. ನಾನು ಕಾಲೇಜಿನ ಕೆಲಸಕ್ಕೆ ಕಾಯುತ್ತಿದ್ದೆ, ಮನೆಯವರು ಗಂಡಿಗೆ ಕಾಯುತ್ತಿದ್ದರು. ಮಾಸ್ತರರು ಅಪ್ಪನ ಗೆಳೆಯರು, ಕುರುಗೋಡಿನವರು. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಮೇಲೆ ನಮ್ಮ ಹಿಂದಿನ ಬೀದಿಯಲ್ಲೇ ಮನೆ ಮಾಡಿದ್ದರು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ.

ಅವರ ಅಕ್ಕನಿಗೆ ಮೊಣಕಾಲು ನೋವು. ಯಾರದೋ ಮಾತು ಕೇಳಿ ಆಕೆಯನ್ನು ಕೊಂಕಣದ ಕಡೆಯ ಒಂದು ಬಿಸಿನೀರಿನ ಬುಗ್ಗೆಗೆ ಕರೆದೊಯ್ದಿದ್ದರಂತೆ. ಬುಗ್ಗೆ ಏನೋ ಇತ್ತು. ಸುತ್ತಲೂ ಗಂಡಸರು ಮೀಯುತ್ತ ಕೂತಿದ್ದರಿಂದ ಅಕ್ಕ ಸೀರೆಯ ಅಂಚನ್ನೂ ನೆನೆಸದೆ ತಿರುಗಿ ಬಂದಳಂತೆ. ಆ ಪ್ರಯಾಣದ ಸಿಟ್ಟಿನಲ್ಲಿ ಮಾಸ್ತರರಿಗೆ ಒಂದು ವಿಚಾರ ಹೊಳೆಯಿತು. ದೇಶದ ಬಿಸಿನೀರಿನ ಬುಗ್ಗೆಗಳೆಲ್ಲ ಒಂದೇ ಕಡೆ ಸಿಗುವಂಥ ಕೈಪಿಡಿ ಕನ್ನಡದಲ್ಲಿ ಬರಬೇಕು: ಎಲ್ಲಿದೆ, ಹೇಗೆ ಹೋಗುವುದು, ನೀರು ಎಷ್ಟು ಬಿಸಿ, ಇಳಿದುಕೊಳ್ಳಲು ಛತ್ರ ಉಂಟೋ ಇಲ್ಲವೋ. ಪ್ರಶ್ನೆಗಳಿದ್ದ ಕಾರ್ಡುಗಳನ್ನು ಅಚ್ಚು ಹಾಕಿಸಿ ಊರೂರಿನ ಶಾಲೆಗಳಿಗೆ, ಅಂಚೆ ಕಚೇರಿಗಳಿಗೆ, ಗುಡಿಗಳಿಗೆ ಕಳಿಸಿದರು. ಉತ್ತರಗಳು ಬರತೊಡಗಿದಾಗ ಅವರ ಪಡಸಾಲೆ ತುಂಬಿಹೋಯಿತು. ಆಗ ನನ್ನನ್ನು ಕರೆದರು.

ಆ ಪಡಸಾಲೆಯ ಸೆಖೆ ನನ್ನ ನೆನಪಿನಲ್ಲಿ ಖಚಿತವಾಗಿದೆ. ಉಳಿದದ್ದರ ಬಗ್ಗೆ ಅನುಮಾನ ಬಂದರೂ ಸೆಖೆಯ ಬಗ್ಗೆ ಬರುವುದಿಲ್ಲ. ಫುಲ್‌ಸ್ಕೇಪ್ ಹಾಳೆಗಳನ್ನು ಗೋಂದು ಹಚ್ಚಿ ಒಂದಕ್ಕೊಂದು ಅಂಟಿಸಿ, ಚಾಪೆಯಷ್ಟು ದೊಡ್ಡ ತಖ್ತೆಗಳನ್ನು ಮಾಡಿದ್ದೆ. ಅಡ್ಡ ಸಾಲಿಗೆ ಒಂದೊಂದು ಊರು, ಉದ್ದ ಸಾಲಿಗೆ ಒಂದೊಂದು ಪ್ರಶ್ನೆ. ಬಂದ ಕಾರ್ಡುಗಳನ್ನು ನೆಲದ ಮೇಲೆ ಪ್ರಾಂತವಾರು ಹರಡಿ, ಒಂದೊಂದನ್ನೇ ಓದಿ ತಖ್ತೆಗೆ ಇಳಿಸಬೇಕು. ಫ್ಯಾನು ಹಾಕಿದರೆ ಬಿಹಾರದ ಕಾರ್ಡುಗಳು ಹಾರಿ ಗುಜರಾತಿಗೆ ಬೀಳುತ್ತಿದ್ದವು. ಹಾಗಾಗಿ ಬಳ್ಳಾರಿಯ ಏಪ್ರಿಲ್ಲಿನಲ್ಲಿ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಬಿಸಿನೀರಿನ ಬಗ್ಗೆ ಬರೆಯುತ್ತ ಕೂರುತ್ತಿದ್ದೆ. ತೆಲುಗಿನ ಕಾರ್ಡುಗಳನ್ನು ನಾನೇ ಓದುತ್ತಿದ್ದೆ, ಉರ್ದುವಿನವನ್ನು ಬ್ರೂಸ್‌ಪೇಟೆಯ ಒಬ್ಬ ಮುದುಕರ ಹತ್ತಿರ ಓದಿಸಿಕೊಂಡು ಬರುತ್ತಿದ್ದೆ. ‘ಹೆಂಗಸರಿಗೆ ಮರೆ ಇದೆಯೇ?’ ಎಂಬ ಸಾಲನ್ನು ತಖ್ತೆಗೆ ಸೇರಿಸಿದವಳು ನಾನು. ಅದಕ್ಕಾಗಿ ಎಷ್ಟೋ ಊರುಗಳಿಗೆ ಮತ್ತೊಮ್ಮೆ ಬರೆಯಬೇಕಾಯಿತು.

“ಪುಸ್ತಕದ ಮ್ಯಾಲೆ ನನ್ನ ಹೆಸರಿನ ಬಾಜೂಕ ನಿನ್ನ ಹೆಸರು ಇರತೈತವ್ವ” ಎಂದಿದ್ದರು ಮಾಸ್ತರರು. ಒಮ್ಮೆಯಲ್ಲ, ಚಹಾ ಬಂದಾಗಲೆಲ್ಲ ಹೇಳುತ್ತಿದ್ದರು. ನನಗೆ ಬೇಕಾದದ್ದು ಅದೊಂದೇ. ಕೆಲಸದ ಅರ್ಜಿಗೆ ಲಗತ್ತಿಸಲು ಪದವಿಯ ಕಾಗದ ಬಿಟ್ಟರೆ ನನ್ನಲ್ಲಿ ಏನೂ ಇರಲಿಲ್ಲ. ಇನ್ನೊಬ್ಬರ ಮನೆಗೆ ಹೋಗುವ ಮೊದಲು ನನ್ನ ಹೆಸರು ಎಲ್ಲಾದರೂ ಒಂದು ಕಡೆ ಅಚ್ಚಾಗಿ ನಿಲ್ಲಲಿ ಎಂಬ ಆಸೆಯೂ ಇತ್ತು.

ಮಾಸ್ತರರಿಗೆ ಒಂದೇ ಕೊರಗು. ಎಲ್ಲೆಲ್ಲಿಯೋ ಬುಗ್ಗೆಗಳು ಸಿಕ್ಕವು, ನಮ್ಮ ಜಿಲ್ಲೆಯ ಸಾಲು ಮಾತ್ರ ಖಾಲಿ. ಬಾದನಹಟ್ಟಿಯಿಂದ ‘ಇಲ್ಲ’ ಎಂದು ಬಂತು. ಕುರುಗೋಡಿನಿಂದ, ಅವರದೇ ಊರಿನಿಂದ, ‘ಇಲ್ಲ, ಕುಡಿಯಲು ತಣ್ಣೀರೂ ಸಾಲದು’ ಎಂದು ಬಂತು. ಕೊನೆಗೆ ಸಿರುಗುಪ್ಪದ ಹತ್ತಿರದ ದೇಶನೂರಿನ ಒಬ್ಬ ರೈತ ಬರೆದ ಕಾರ್ಡು ಬಂತು. ‘ನಮ್ಮ ಹೊಲದಲ್ಲಿ ಬಸಿ ನೀರಿನ ಬುಗ್ಗಿ ಐತಿ. ವರ್ಷ ಪೂರ್ತಿ ಏಳತದ. ಯಾವಾಗ ಬಂದು ನೋಡತೀರಿ?’

ನನಗೆ ಓದಿದ ಕೂಡಲೇ ತಿಳಿಯಿತು. ಅಪ್ಪನ ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಆ ಮನೆಯಲ್ಲಿ ಬಸಿ ನೀರಿನ ಮಾತಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಕಾಲುವೆ ಬಂದ ಮೇಲೆ ಎತ್ತರದ ಗದ್ದೆಗೆ ಕಟ್ಟಿದ ನೀರು ನೆಲದೊಳಗೆ ಇಳಿದು ತಗ್ಗಿನ ಹೊಲದಲ್ಲಿ ಜಿನುಗುತ್ತದೆ. ಅದೇ ಬಸಿ. ಅದು ಹರಿದುಹೋಗಲು ಬಸಿಗಾಲುವೆ ತೋಡಿಕೊಡಿ ಎಂದು ಆ ಕಡೆಯ ರೈತರು ಕಂಡ ಕಂಡ ಕಚೇರಿಗೆ ಅರ್ಜಿ ಹಾಕುತ್ತಿದ್ದ ಕಾಲ ಅದು. ನಮ್ಮ ಕಾರ್ಡಿನ ‘ಬಿಸಿನೀರು’ ಅವನ ಕಣ್ಣಿಗೆ ಬಸಿನೀರಾಗಿ ಕಂಡಿತ್ತು. ಕಡೆಗೂ ಯಾರೋ ಕೇಳುತ್ತಿದ್ದಾರೆ ಎಂದು ಬರೆದಿದ್ದ.

“ಇದು ಬಸಿ ಅದರಿ ಮಾವ, ಬಿಸಿ ಅಲ್ಲ” ಎಂದೆ.

“ಹಳ್ಳಿಯವರ ಬರವಣಿಗಿ ನನಗ ಕಲಸ್ತೀಯಾ? ಮೂವತ್ತು ವರ್ಷ ಇದನ್ನ ತಿದ್ದೀನಿ. ಗುಡಿಸು ಮರತಾನ, ಅಷ್ಟ.” ಪೆನ್ನು ತೆಗೆದು ಕಾರ್ಡಿನ ಮೇಲೆಯೇ ಗುಡಿಸು ಹಾಕಿದರು. “ನೀ ತಖ್ತಿ ತುಂಬವ್ವ. ಅರ್ಥ ನಾ ಹೇಳತೀನಿ.”

‘ನೀರು ಎಷ್ಟು ಬಿಸಿ’ ಎಂಬ ಸಾಲಿನಲ್ಲಿ ‘ಹದವಾದ ಬಿಸಿ’ ಎಂದು ಅವರೇ ಹೇಳಿ ಬರೆಯಿಸಿದರು. ಹೆಂಗಸರಿಗೆ ಮರೆಯ ಸಾಲನ್ನು ನಾನು ಖಾಲಿ ಬಿಟ್ಟೆ.

ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ. ಮುಂದಿನದೂ ತಪ್ಪೆಂದು ನನಗೆ ಅನ್ನಿಸಿಲ್ಲ.

ಅಚ್ಚಿನ ಮನೆಯಿಂದ ಕರಡು ಬಂದಾಗ ಮೊದಲು ತೆಗೆದು ನೋಡಿದ್ದು ಹೆಸರಿನ ಪುಟವನ್ನೇ. ಅಲ್ಲಿ ಒಬ್ಬರ ಹೆಸರೇ ಇತ್ತು.

“ಮಾವ, ನನ್ನ ಹೆಸರು ಬಿಟ್ಟು ಹೋಗೈತಿ ನೋಡ್ರಿ.”

“ಬಿಟ್ಟು ಹೋಗಿಲ್ಲವ್ವ. ನಾನ ತೆಗಸೀನಿ.” ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದುತ್ತಿದ್ದರು. “ಹೆಣ್ಣುಮಗಳು. ನಾಳಿ ಯಾವ ಮನಿಗೆ ಹೋಗತೀಯೋ, ಯಾವ ಅಡ್ಡಹೆಸರು ಬರತೈತೋ. ಅಚ್ಚಾದ ಮ್ಯಾಲೆ ಅಳಸಾಕ ಬರತೈತೇನು? ಮದುವಿ ಆಗಲಿ, ಎರಡನೇ ಸಲ ಅಚ್ಚು ಹಾಕಿಸಿದಾಗ ನೋಡೋಣಂತ. ಮುನ್ನುಡ್ಯಾಗ ನೆನಸೀನಲ್ಲ.”

ಮುನ್ನುಡಿಯ ಕೊನೆಯಲ್ಲಿ ‘ಚೀಟಿಗಳನ್ನು ಜೋಡಿಸಲು ನೆರವಾದ ಮನೆಯ ಮಕ್ಕಳಿಗೆ ಆಶೀರ್ವಾದ’ ಎಂದಿತ್ತು. ‘ಹೆಂಗಸರಿಗೆ ಮರೆ ಇದೆಯೇ ಎಂಬುದನ್ನೂ ವಿಚಾರಿಸಿ ತಿಳಿದಿದ್ದೇನೆ’ ಎಂದು ಅದರ ಮೇಲಿನ ಪ್ಯಾರಾದಲ್ಲಿತ್ತು. ‘ಇದ್ದೇನೆ’ ಎಂದರೆ ಅವರೊಬ್ಬರೇ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. “ಹೋಗ್ಲಿ ಬಿಡವ್ವ, ಹಿರೇರು” ಎಂದರು ಅಪ್ಪ. ಆ ಮಾತಿಗೆ ನನಗೆ ಅಳು ಬಂತೆಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ನೋಡಿದರೆ ಅಳು ಬಂದಿರಲಾರದು. ಅತ್ತಿದ್ದರೆ ಮರುದಿನ ಅಷ್ಟು ತಣ್ಣಗೆ ಕೂತು ಕರಡು ತಿದ್ದಲು ಆಗುತ್ತಿರಲಿಲ್ಲ.

ಒಂದೊಂದು ಕಾಗುಣಿತವನ್ನೂ ನೋಡಿ ತಿದ್ದಿದೆ. ದೇಶನೂರಿನ ಸಾಲು ಬಂದಾಗ ಮಾಸ್ತರರೇ ಯಾಕೋ ಹಿಂಜರಿದರು.

“ಅಲ್ಲವ್ವ, ಈ ದೇಶನೂರಿಂದು ಖಾತ್ರಿ ಐತಲ್ಲ? ನೀ ಅವತ್ತ ಏನೋ ಬಸಿ ಅಂದಿದ್ದಿ.”

ಆ ಪ್ರಶ್ನೆ ಕೇಳಿದ್ದು ನಿಜ, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಉತ್ತರ ಕೊಡುವ ಮುಂಚೆ ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ ಬರೆದಿಲ್ಲ. ನೆನಪಿನಲ್ಲಿ ಆ ಮೌನ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ.

“ನೀವ ತಿದ್ದೀರಲ್ಲರಿ ಮಾವ. ನೀವು ತಿದ್ದಿದ ಮ್ಯಾಲೆ ನಾ ಏನು ಹೇಳಲಿ” ಎಂದೆ.

ಅವರು ಸಮಾಧಾನದಿಂದ ತಲೆಯಾಡಿಸಿದರು. ಪುಸ್ತಕ ಅಚ್ಚಾಯಿತು.

ಊರಿನ ಪತ್ರಿಕೆಯೊಂದರಲ್ಲಿ ಹೊಗಳಿಕೆ ಬಂತು. ಹೆಂಗಸರ ಅನುಕೂಲವನ್ನು ನೆನೆದ ಹಿರಿಯರ ಹೃದಯವಂತಿಕೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದರು. ಅದನ್ನು ಬರೆದ ವರದಿಗಾರ ನಮ್ಮ ಜಿಲ್ಲೆಯದೇ ಬುಗ್ಗೆಯನ್ನು ಕಣ್ಣಾರೆ ನೋಡಿ ದೊಡ್ಡದಾಗಿ ಬರೆಯಬೇಕೆಂದ. ಮಾಸ್ತರರು ಜೀಪು ಗೊತ್ತು ಮಾಡಿದರು. “ನೀನೂ ಬಾರವ್ವ, ಅಕ್ಕಗ ಒಬ್ಬರು ಜೋಡಿ ಬೇಕು” ಎಂದು ನನ್ನನ್ನು ಕರೆದರು. ಬೇಡವೆನ್ನಲು ಕಾರಣಗಳಿದ್ದವು. ಒಂದನ್ನೂ ಹೇಳದೆ ಹೋದೆ.

ಕುರುಗೋಡಿಗೆ ಹೋಗಿ ಅಕ್ಕನನ್ನು ಹತ್ತಿಸಿಕೊಂಡೆವು. ಆಕೆ ಒಂದು ಟವೆಲು, ಒಂದು ಒಣ ಸೀರೆ, ಸೀಗೆಪುಡಿಯ ಡಬ್ಬಿ ಹಿಡಿದು ಬಂದಿದ್ದಳು. ದಾರಿಯುದ್ದಕ್ಕೂ ಮೊಣಕಾಲು ತಿಕ್ಕಿಕೊಳ್ಳುತ್ತ, “ಕೊಂಕಣಕ್ಕ ಸುಮ್ನ ಕರ್ಕೊಂಡು ಹೋದ್ಯಲ್ಲೋ ತಮ್ಮಾ, ಮಗ್ಗಲದಾಗ ಇಟಗೊಂಡು” ಎನ್ನುತ್ತಿದ್ದಳು. ಮಾಸ್ತರರು ನಗುತ್ತಿದ್ದರು. ಸಿರುಗುಪ್ಪ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆಗಳು. ನನಗೆ ಒಳಗೊಳಗೇ ಸುಖವಾಗುತ್ತಿತ್ತು.

ಕಾರ್ಡು ಬರೆದಿದ್ದ ರೈತ ಜೀಪು ಕಂಡು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಓಡಿಬಂದ.

“ಬರ್ರಿ ಸಾಹೇಬ್ರ, ಬರ್ರಿ. ಈಗರ ನೆನಪಾತಲ್ಲ. ಎಲ್ಲಿಂದ ತೋಡಾಕ ಸುರು ಮಾಡತೀರಿ?”

“ತೋಡೋದು ಏನೂ ಬ್ಯಾಡಪ್ಪ, ಇದ್ದಂಗ ತೋರಸು” ಎಂದರು ಮಾಸ್ತರರು.

ಬದುವಿನ ಮೇಲೆ ಸಾಲಾಗಿ ನಡೆದೆವು. ತಗ್ಗಿನ ಹೊಲದ ಮೂಲೆಯಲ್ಲಿ ಜೊಂಡು ಬೆಳೆದಿತ್ತು. ನೆಲದಿಂದ ನೀರು ಸಣ್ಣಗೆ ಉಕ್ಕಿ ಕೆಸರಾಗಿ ನಿಂತಿತ್ತು. ನಡುವೆ ಎಮ್ಮೆಯೊಂದು ಕೊರಳವರೆಗೆ ಮುಳುಗಿ ಕಣ್ಣು ಮುಚ್ಚಿತ್ತು.

“ನೋಡ್ರಿ, ಇದ ಬಸಿ” ಎಂದ ರೈತ.

ಅಕ್ಕ ನನ್ನ ಭುಜ ಹಿಡಿದು, ಸೀರೆ ಎತ್ತಿ, ಎರಡೂ ಕಾಲು ಇಳಿಸಿದಳು. ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದೆವು. ಆಕೆ ಸ್ವಲ್ಪ ಹೊತ್ತು ಕಾದಳು.

“ತಮ್ಮಾ, ಇದು ಯಾವಾಗ ಕಾಯತೈತೋ?”

“ಬೆಳಿಗ್ಗೆ ಇದ್ದಿರಬೇಕು ಅಕ್ಕ. ಬಿಸಲು ಏರಿದ ಮ್ಯಾಲೆ...” ಎಂದು ಮಾಸ್ತರರು ಬಗ್ಗಿ ತಾವೂ ಬೆರಳು ಅದ್ದಿದರು.

“ಬಿಸಿ ಎಲ್ಲಿಂದ ಬರಬೇಕ್ರಿ?” ರೈತನಿಗೆ ಅರ್ಥವಾಗಲಿಲ್ಲ. “ಬಸಿ ನೀರು ತಣ್ಣಗ ಇರತೈತಿ. ಅದಕ್ಕ ನೋಡ್ರಿ, ಎಮ್ಮಿ ಎಬ್ಬಿಸಿದ್ರೂ ಏಳಂಗಿಲ್ಲ. ನೀವು ಬಸಿಗಾಲಿವಿ ಕಚೇರಿಯವರು ಅಲ್ಲೇನು?”

ಅಕ್ಕ ತಮ್ಮನನ್ನು ನೋಡಿದಳು, ಎಮ್ಮೆಯನ್ನು ನೋಡಿದಳು. ಆಮೇಲೆ ಒಮ್ಮೆಲೇ ನಕ್ಕುಬಿಟ್ಟಳು. “ಅಲ್ಲಲೇ, ಬಸಿ ಬಿಸಿ ಆಗಬೇಕಂದ್ರ ಅದಕ್ಕ ಚಾ ಸುರೀಬೇಕೋ.”

ವರದಿಗಾರನೂ ನಕ್ಕ; ಕಿಸೆಯಿಂದ ಪೆನ್ಸಿಲು ತೆಗೆದ. “ಮತ್ತ ಪುಸ್ತಕದಾಗ ಹದವಾದ ಬಿಸಿ ಅಂತ ಬರದೈತಲ್ಲರಿ ಸರ? ಇದನ್ನ ಯಾರು ಪರೀಕ್ಷಾ ಮಾಡಿದ್ರು?”

ಆಗ ಮಾಸ್ತರರು ಕೆಸರು ಬೆರಳನ್ನು ನನ್ನ ಕಡೆ ಚಾಚಿದರು. “ತಖ್ತಿ ಎಲ್ಲಾ ಈಕೀದು. ಖರೇ ಹೇಳಬೇಕಂದ್ರ ಪುಸ್ತಕ ಬರದಾಕೀನ ಈಕಿ. ಎಂ.ಎ. ಓದ್ಯಾಳ. ನಾ ಬರೇ ಮ್ಯಾಲೆ ಮ್ಯಾಲೆ ನೋಡೀನಿ.”

ಅಷ್ಟು ದಿನ ಕೇಳಲು ಕಾದಿದ್ದ ಮಾತು ಆ ಕೆಸರಿನ ಅಂಚಿನಲ್ಲಿ ಸಿಕ್ಕಿತು.

ವರದಿಗಾರನ ಕೈಯಿಂದ ಪುಸ್ತಕ ತೆಗೆದುಕೊಂಡೆ. ಹೆಸರಿನ ಪುಟ ತೆರೆದು ಮಾಸ್ತರರ ಮುಂದೆ ಹಿಡಿದೆ. “ನನ್ನ ಹೆಸರು ಎಲ್ಲೈತಿ ತೋರಸ್ರಿ ಮಾವ. ಬೆರಳು ಇಟ್ಟು ತೋರಸ್ರಿ.”

ಅವರು ಬೆರಳು ಇಡಲಿಲ್ಲ. ಅಕ್ಕನ ನಗು ನಿಂತಿತು. ರೈತ ಮಾತ್ರ ಜೀಪು ಹತ್ತುವವರೆಗೂ ಒಬ್ಬೊಬ್ಬರನ್ನೇ ಕೇಳುತ್ತಿದ್ದ, ಕಾಲುವೆ ತೋಡುವವರು ಯಾವ ಕಚೇರಿಯಲ್ಲಿ ಸಿಗುತ್ತಾರೆ ಎಂದು.

ನಾನು ನಿಜವಾಗಿ ಹಾಗೆಯೇ ಹೇಳಿದೆನೆ? ಆ ದಿನದ ದಿನಚರಿಯಲ್ಲಿ ಇರುವುದು ‘ದೇಶನೂರಿಗೆ ಹೋಗಿ ಬಂದೆವು. ಚಪ್ಪಲಿ ಹಾಳಾಯಿತು’ ಎಂದಷ್ಟೆ. ಪುಸ್ತಕ ತೆರೆದು ಹಿಡಿದದ್ದು ಖಂಡಿತ. ಆ ಪ್ರತಿ ನನ್ನ ಹತ್ತಿರವೇ ಉಳಿಯಿತು, ಕೆಸರಿನ ಕಲೆ ಈಗಲೂ ಇದೆ. ಬೆರಳು ಇಟ್ಟು ತೋರಿಸಿ ಎಂಬ ಮಾತನ್ನು ಆಮೇಲೆ ಸೇರಿಸಿಕೊಂಡಿರಬಹುದು. ಸೇರಿಸಿಕೊಂಡಿದ್ದರೂ ಅದನ್ನು ತೆಗೆಯುವುದಿಲ್ಲ.

ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು, ಮಾಸ್ತರರ ಹೆಸರಿನ ಸಮೇತ. ನನ್ನ ಹೆಸರು ಇರಲಿಲ್ಲ. ಅಚ್ಚಿನಲ್ಲಿ ನನ್ನ ಹೆಸರು ಇಲ್ಲದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ವಾರದೊಳಗೆ ಗಾಂಧಿನಗರದಲ್ಲಿ ಅವರು ಬಸಿ ಮಾಸ್ತರಾದರು. ಹೋಟೆಲಿನಲ್ಲಿ ಅವರು ಕೂತರೆ, “ಮಾಸ್ತರಿಗೆ ಬಸಿ ಕೊಡಬ್ಯಾಡಲೇ, ಬರೇ ಕಪ್ಪು ಕೊಡು” ಎಂದು ಹುಡುಗರು ಕೂಗುತ್ತಿದ್ದರಂತೆ. ಆ ಹೆಸರನ್ನು ಮೊದಲು ಇಟ್ಟವರು ಯಾರೋ ತಿಳಿಯದು. ನಾನೇ ಇಟ್ಟಿದ್ದರೆ ಚೆನ್ನಾಗಿತ್ತು.

ಕೆಲವು ತಿಂಗಳಾದ ಮೇಲೆ ಮಾಸ್ತರರು ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂತರು. ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ. ನನ್ನ ಹೆಸರು ಪಕ್ಕದಲ್ಲಲ್ಲ, ಅವರ ಹೆಸರಿಗಿಂತ ಮೇಲೆಯೇ ಇರುತ್ತದಂತೆ. “ದೇಶನೂರೊಂದು ತೆಗದು ಬಿಡೋಣವ್ವ” ಎಂದರು. ಅವರು ಬಹಳ ಇಳಿದುಹೋಗಿದ್ದರು. ಅಪ್ಪ ನನ್ನ ಕಡೆ ನೋಡಿದರು, ಒಪ್ಪಿಕೋ ಎಂಬಂತೆ. ಆ ವಾರವೇ ಒಂದು ಕಾಲೇಜಿಗೆ ಅರ್ಜಿ ಬರೆದು ಮೇಜಿನ ಮೇಲಿಟ್ಟಿದ್ದೆ.

“ದೇಶನೂರು ಇರಲಿರಿ ಮಾವ” ಎಂದೆ. “ಅದು ಇದ್ದರ ನನ್ನ ಹೆಸರು ಹಾಕ್ರಿ. ತೆಗದ್ರ ನಂದೂ ಬ್ಯಾಡ.”

ಅವರು ಚಹಾ ಕುಡಿಯದೆ ಎದ್ದರು. ಪುಸ್ತಕ ಮತ್ತೆ ಅಚ್ಚಾಗಲಿಲ್ಲ. ಅಮ್ಮ ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋಗುವಾಗ, “ಹೆಸರು ಕೊಡತೀನಿ ಅಂತ ಮನಿ ಮಟ ಬಂದವರನ್ನ ಹಿಂಗ ಕಳಸೋದೇನ?” ಎಂದು ಕೇಳಿದಳು. ನಾನು ಅರ್ಜಿಯನ್ನು ಲಕೋಟೆಗೆ ಹಾಕುತ್ತಿದ್ದೆ. ಪದವಿಯ ಕಾಗದವೊಂದನ್ನೇ ಲಗತ್ತಿಸಿ ಕಳಿಸಿದೆ.