ಪೂಜೆ ತಪ್ಪಿಸಿಕೊಂಡ ಬಿಳಿ ಪೆಟ್ಟಿಗೆ

ಯಾವ ವಸ್ತುವನ್ನೂ ಬಾಯಿಮಾತಿಗೆ ನಂಬುವ ಜಾಯಮಾನ ನನ್ನದಲ್ಲ. ಅಂಗಡಿಯವನು ಗ್ಯಾರಂಟಿ ಗ್ಯಾರಂಟಿ ಅಂದಷ್ಟೂ ನನ್ನ ಅನುಮಾನ ಜಾಸ್ತಿಯಾಗುತ್ತದೆ. ಬೆಂಗಳೂರಿನಿಂದ ಆ ಬಿಳಿ ಪೆಟ್ಟಿಗೆ ತಂದ ದಿನವೂ ಹಾಗೇ ಆಯಿತು. ಮೈಸೂರುಪಾಕಿನ ಡಬ್ಬಿಯಷ್ಟಿದ್ದ ಅದು ಮನೆಯ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಗಂಟೆಗೊಮ್ಮೆ ತಾನೇ ನಕಲು ಮಾಡಿಟ್ಟುಕೊಳ್ಳುವ ಡ್ರೈವ್. ಅದಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಎಳೆ ತಂತಿಯೂ ಇರಲಿಲ್ಲ. ನನಗೆ ತಲೆಕೆಟ್ಟಿದ್ದೇ ಅಲ್ಲಿ.

ಅಪ್ಪನಿಗೆ ನನಗಿಂತ ಹೆಚ್ಚು ತಲೆಕೆಟ್ಟಿತು. "ವೈರೂ ಇಲ್ಲ ಏನೂ ಇಲ್ಲ, ಗಾಳೀಲಿ ಹೋಯ್ತದೆ ಅಂತೀಯ. ಗಾಳಿ ತಿರುಗ್‌ಬುಟ್ರೆ ಪಕ್ಕದ್ ಮನೆಗೆ ಹೋಗ್ಬುಡಕಿಲ್ವೇನ್ಲಾ?" ಎಂದು ಕೇಳಿದ. ನಾನು ನಕ್ಕೆ. ಆದರೆ ಅದೇ ಪ್ರಶ್ನೆ ನನ್ನೊಳಗೂ ಇತ್ತು.

ಆಗ ರಾಮನಗರ ಜಿಲ್ಲೆಯಾಗಿ ಬಹಳ ದಿನವಾಗಿರಲಿಲ್ಲ. ಮೈಸೂರು ರಸ್ತೆಯ ಆಚೀಚೆ ಹಿಪ್ಪುನೇರಳೆ ತೋಟಗಳಿದ್ದ ಕಡೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಅಂಥದೊಂದು ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ಕೆಲಸ. ಬೆಳಿಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿದರೆ ಸಂಜೆ ವಾಪಸು, ಅಲ್ಲಿಂದ ಸೈಕಲ್ಲಿನಲ್ಲಿ ದೊಡ್ಡಮಳೂರು ದಾಟಿ ನಮ್ಮೂರು. ಮನೆಯಲ್ಲಿ ಅಪ್ಪ, ಅವ್ವ ಮತ್ತು ರೇಷ್ಮೆ ಹುಳುಗಳು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತೆಂದರೆ, ಮೊದಲು ಹುಳುಗಳದ್ದು, ಆಮೇಲೆ ಅವ್ವನದ್ದು.

ಕಾರ್ಖಾನೆಯ ಕೆಲಸ ಹೊಟ್ಟೆಪಾಡಿಗೆ. ಮನೆಯ ಕಂಪ್ಯೂಟರಿನಲ್ಲಿ ಮೂರು ವರ್ಷದಿಂದ ನಾನು ಬರೆಯುತ್ತಿದ್ದುದು ಬೇರೆಯೇ. ಹುಳು ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟಿದ ಮೇಲೆ, ಆ ಬಿದಿರಿನ ಸುರುಳಿಯಿಂದ ಗೂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಜೋರಾಗಿ ಹಿಂಡಿದರೆ ಒಳಗಿನ ಜೀವ ಜಜ್ಜಿಹೋಗಿ ಗೂಡಿಗೆ ಕಲೆ ಬೀಳುತ್ತದೆ, ಮೆಲ್ಲಗೆ ಎಳೆದರೆ ಬರುವುದೇ ಇಲ್ಲ. ಅವ್ವ ಮೂವತ್ತು ವರ್ಷ ಬಿಡಿಸಿದ್ದಳು. ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿ, ಒಂದೊಂದು ಬೆಳೆಯ ಕೊನೆಗೆ ಊಟದ ತುತ್ತು ಕಲಸಲೂ ಬಾರದಷ್ಟು ಊದುತ್ತಿತ್ತು. ಕಾಲಿನಲ್ಲಿ ತುಳಿದರೆ ಬಾಚಣಿಗೆಯಂಥ ಹಲ್ಲುಗಳು ಸುರುಳಿಯ ನಡುವೆ ಇಳಿದು ಗೂಡನ್ನು ನೋಯಿಸದೆ ಕೆಳಕ್ಕೆ ತಳ್ಳುವ ಒಂದು ಯಂತ್ರ ಮಾಡಬೇಕೆಂದು ನಾನು ಹಟ ಹಿಡಿದಿದ್ದೆ. ಊರಿನವರು ನನಗೆ ಬೇರೆ ಕೆಲಸವಿಲ್ಲ ಅಂದುಕೊಂಡಿದ್ದರು. ಅದು ಅರ್ಧ ನಿಜ.

ಒಮ್ಮೆ ಪೆನ್‌ಡ್ರೈವಿಗೆ ವೈರಸ್ ಹಿಡಿದು ಎರಡು ತಿಂಗಳ ನಕ್ಷೆ ಹೋಯಿತು. ಆಮೇಲೆಯೇ ನಾನು ಬಿಳಿ ಪೆಟ್ಟಿಗೆಗೆ ಮನಸ್ಸು ಮಾಡಿದ್ದು.

ಪೆಟ್ಟಿಗೆಯನ್ನು ಎಲ್ಲಿಡುವುದು ಎಂಬುದೇ ಮೊದಲ ರಗಳೆ. ಕಂಪ್ಯೂಟರಿನ ಪಕ್ಕದಲ್ಲಿಟ್ಟರೆ, ಕರೆಂಟು ಎರ್ರಾಬಿರ್ರಿ ಬಂದಾಗ ಎರಡೂ ಒಟ್ಟಿಗೇ ಗೊಟಕ್ ಅನ್ನುತ್ತವೆ. ನಮ್ಮಲ್ಲಿ ಕರೆಂಟು ಹೋಗದಿದ್ದರೇನೇ ಸುದ್ದಿ. ಇಡೀ ಮನೆಯಲ್ಲಿ ಬ್ಯಾಟರಿ ಇದ್ದದ್ದು ಹುಳು ಮನೆಗೆ ಮಾತ್ರ, ಫ್ಯಾನು ನಿಲ್ಲಬಾರದೆಂದು. ಅಂಗಳದಾಚೆ, ಮೂವತ್ತು ಹೆಜ್ಜೆ ದೂರ. ಅವ್ವನನ್ನು ಒಂದು ವಾರ ಕಾಡಿ, ಪೆಟ್ಟಿಗೆಯನ್ನು ಬ್ಲೀಚಿಂಗ್ ನೀರಿನ ಬಟ್ಟೆಯಲ್ಲಿ ಅವಳ ಕೈಯಲ್ಲೇ ಒರೆಸಿ, ಹುಳು ಮನೆಯ ಗೋಡೆಗೂಡಿನಲ್ಲಿ ಇಡಿಸಿದೆ. ಹುಳು ಇರುವಾಗ ನಾನು ಒಳಗೆ ಕಾಲಿಡುವಂತಿರಲಿಲ್ಲ. ಕಾರ್ಖಾನೆಯ ಎಣ್ಣೆ ವಾಸನೆ ನನಗೆ ಅಂಟಿರುತ್ತದೆ, ಹುಳುಗಳಿಗೆ ಆಗದು ಎಂಬುದು ಅವ್ವನ ತೀರ್ಮಾನ.

ಮೊದಲ ತಿಂಗಳು ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ಭಾನುವಾರಕ್ಕೊಂದು ನಕ್ಷೆಯನ್ನು ವಾಪಸು ತರಿಸಿ ಪರೀಕ್ಷೆ ಮಾಡುತ್ತಿದ್ದೆ. ಆಮೇಲೆ ಬಿಸಿಲು ಏರಿತು, ಪೆಟ್ಟಿಗೆ ಮಧ್ಯಾಹ್ನವಾದರೆ ಕಂಪ್ಯೂಟರಿಗೆ ಸಿಗುವುದಿಲ್ಲ, ಸಂಜೆಯಾದರೆ ಸಿಗುತ್ತದೆ. ಅಂಗಡಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಕಾರಣ ಗೊತ್ತಾಗಲು ಇಪ್ಪತ್ತು ದಿನ ಬೇಕಾಯಿತು. ಸೆಖೆ ಹೆಚ್ಚಿದರೆ ಹುಳು ಮನೆ ತಂಪಾಗಿರಲೆಂದು ಅವ್ವ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಿದ್ದಳು. ಆ ವೈರ್‌ಲೆಸ್ ಎಂಬುದು ಮಣ್ಣಿನ ಗೋಡೆಯನ್ನು ಹೇಗೋ ದಾಟುತ್ತಿತ್ತು, ನೆನೆದ ಗೋಣಿಯ ಮುಂದೆ ಮಾತ್ರ ಮಂಡಿಯೂರುತ್ತಿತ್ತು. ಅಂಗಡಿಯವನಿಗೆ ಮತ್ತೆ ಫೋನು ಮಾಡಿ ತಪ್ಪಾಯಿತು ಅನ್ನುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ.

ಆ ವರ್ಷದ ದಸರೆಗೆ ನನ್ನ ನಕ್ಷೆಗಳು ಮುಗಿದವು. ಕನಕಪುರ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ವೆಲ್ಡಿಂಗ್ ವರ್ಕ್‌ಶಾಪ್ ಇಟ್ಟಿದ್ದ ಹಿರಿಯರೊಬ್ಬರು, ಯಂತ್ರ ಮಾಡಿಕೊಡಲು ಒಪ್ಪಿದ್ದರು. ಅವರ ಮಾತು ಖಡಾಖಂಡಿತ. "ವಿಜಯದಶಮಿ ಆದ್ ಮಾರ್ನೆ ದಿನ ಪೇಪರ್ರು ನನ್ ಟೇಬಲ್ ಮ್ಯಾಲಿರ್ಬೇಕು. ಆಗ ಒಂದ್ ವಾರ ನಮ್ ಮಿಷಿನ್ನು ಖಾಲಿ. ತಪ್ಪಿದ್ರೆ ಕಂಪನಿ ಆರ್ಡರ್ ಶುರುವಾಯ್ತದೆ, ಯುಗಾದಿಗಂಟ ನನ್ ಕೇಳ್ಬೇಡಿ." ಯುಗಾದಿಯೆಂದರೆ ಅವ್ವನ ಹೆಬ್ಬೆರಳಿಗೆ ಇನ್ನೂ ಮೂರು ಬೆಳೆ.

ಆಯುಧಪೂಜೆಯ ಬೆಳಿಗ್ಗೆ ನಾನು ಬೂದುಗುಂಬಳ, ಚೆಂಡು ಹೂವು ತರಲು ಚನ್ನಪಟ್ಟಣಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಜಗಲಿಯ ಮೇಲೆ ಎಲ್ಲ ಸಾಲಾಗಿತ್ತು. ಮಚ್ಚು, ಕುಡುಗೋಲು, ಸ್ಪ್ರೇಯರು, ಅಂಗಳದಲ್ಲಿ ಟಿಲ್ಲರು. ನಡುಮಧ್ಯೆ ನನ್ನ ಕಂಪ್ಯೂಟರು, ವಿಭೂತಿ ಪಟ್ಟೆ ಎಳೆಸಿಕೊಂಡು ಫಳಫಳ ಹೊಳೆಯುತ್ತಿತ್ತು. ಅಪ್ಪನಿಗೆ ನನ್ನ ಆಯುಧದ ಮೇಲೆ ಇಷ್ಟು ಗೌರವವಿದೆಯಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು.

ಪೂಜೆಯಾಯಿತು. ನಮ್ಮ ಕಡೆ ಪೂಜೆಯಾದ ಯಂತ್ರವನ್ನು ಒಮ್ಮೆ ಚಾಲೂ ಮಾಡಲೇಬೇಕು, ಆಗಲೇ ಪೂಜೆ ಪೂರ್ತಿ. ಅಪ್ಪ ಟಿಲ್ಲರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಿದ. ಕಂಪ್ಯೂಟರಿನ ಮುಂದೆಯೂ ಒಂದು ನಿಂಬೆಹಣ್ಣಿಟ್ಟು, "ಇನ್ನ ನಿಂದು ಸ್ಟಾರ್ಟ್ ಮಾಡ್ಲಾ" ಅಂದ. ನಾನೇ, ನನ್ನ ಕೈಯಾರೆ, ಸ್ವಿಚ್ಚು ಒತ್ತಿದೆ. ಒಳಗಿಂದ ಟಪ್ ಎಂದು ಸದ್ದು ಬಂತು. ಸಿಪಿಯು ಡಬ್ಬದ ಹಿಂದಿನ ಜಾಲರಿಯಿಂದ ಹೊಗೆ, ಜೊತೆಗೆ ನಾಲ್ಕು ಹನಿ ನೀರು.

"ಅಪ್ಪ, ಇದಕ್ಕೆ ಏನ್ ಮಾಡ್ದೆ?"

"ತೊಳ್ದೆ ಕಣ್ಲಾ. ಹಿಂದ್ಗಡೆ ತೂತಲ್ಲಿ ಧೂಳು ಮೆತ್ಕಂಡಿತ್ತು. ಒಂದ್ ಚೊಂಬು ಬುಟ್ಟೆ, ಆಮ್ಯಾಕೆ ಬಿಸ್ಲಿಗಿಟ್ಟಿದ್ದೆ. ಕಬ್ಬುಣದ್ ಡಬ್ಬ, ಏನಾದದು ಅಂತ."

ನಾನು ಕೂಗಾಡಿದೆ. ಹಬ್ಬದ ದಿನ ಆಡಬಾರದ್ದನ್ನೆಲ್ಲ ಆಡಿದೆ. ಅಪ್ಪ ಹೂವಿನ ತಟ್ಟೆ ಕೆಳಗಿಟ್ಟು, ಹೆಗಲ ವಸ್ತ್ರದಲ್ಲಿ ಆ ನಾಲ್ಕು ಹನಿ ನೀರನ್ನು ಒರೆಸುತ್ತಿದ್ದ. ಅವನು ಅದನ್ನು ಪ್ರೀತಿಯಿಂದಲೇ ತೊಳೆದಿದ್ದನೆಂದು ಗೊತ್ತಿದ್ದರೂ ಸಿಟ್ಟು ಇಳಿಯಲೊಲ್ಲದು. ಕಾರ್ಖಾನೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಗೆಳೆಯನಿಗೆ ಫೋನು ಮಾಡಿದರೆ, ನೀರಿಗೆ ಕರೆಂಟು ಕೊಟ್ಟ ಮೇಲೆ ಒಳಗಿನ ಡಿಸ್ಕಿನ ಆಸೆ ಬಿಟ್ಟುಬಿಡು ಎಂದ. ಮುಂದೆ ನೋಡಿದಾಗ ಅವನ ಮಾತು ನಿಜವೇ ಆಯಿತು.

ಉಳಿದದ್ದು ಬಿಳಿ ಪೆಟ್ಟಿಗೆ ಒಂದೇ. ಅದೂ ಆಯುಧವೇ, ಆದರೆ ಯಾರೂ ಅದನ್ನು ಪೂಜೆಗೆ ಹೊರಗೆ ತಂದಿರಲಿಲ್ಲ. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕಡೆಯ ಸಲ ಪೊರೆ ಕಳಚಿ ಸೊಪ್ಪಿಗೆ ಬಿದ್ದಿದ್ದವು. ಆ ಹೊತ್ತಿನಲ್ಲಿ ಊದುಬತ್ತಿ, ಸಾಂಬ್ರಾಣಿಯ ಹೊಗೆ ಸೋಕಿದರೆ ಬೆಳೆ ಕೆಡುತ್ತದೆಂದು ಅವ್ವ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊಗೆಯೂ ಇಲ್ಲ, ಕುಂಕುಮವೂ ಇಲ್ಲ, ಮುಖ್ಯವಾಗಿ ಅಪ್ಪನ ಚೊಂಬೂ ಇಲ್ಲ. ಆದರೆ ಮೂರು ವಾರದಿಂದ ನಾನು ಅದನ್ನು ಪರೀಕ್ಷಿಸಿರಲಿಲ್ಲ. ಗೋಣಿತಾಟು ಒದ್ದೆಯಾದ ದಿನ ನಕಲು ಅರ್ಧಕ್ಕೆ ನಿಂತಿತ್ತೋ ಏನೋ ಯಾರಿಗೆ ಗೊತ್ತು.

ಊರಿನ ಹೈಸ್ಕೂಲು ಮೇಷ್ಟರ ಬಳಿ ಲ್ಯಾಪ್‌ಟಾಪ್ ಇತ್ತು. ಓಡಿಹೋಗಿ ಕೇಳಿದೆ. ಅದೂ ಪೂಜೆಯಲ್ಲಿ ಕೂತಿತ್ತು. "ಪೂಜೆಗಿಟ್ಟದ್ದನ್ನ ಇವತ್ತು ಎತ್ತಕ್ಕಾಗಲ್ಲಪ್ಪ. ನಾಳೆ ಮರುಪೂಜೆ ಮಾಡಿ ಕೊಡ್ತೀನಿ," ಎಂದರು ಮೇಷ್ಟರು. ವಾದ ಮಾಡಲಿಲ್ಲ. ಅದು ಒಣಗಿದೆಯೇ ಎಂದು ಮಾತ್ರ ಮುಟ್ಟಿ ನೋಡಿ ಬಂದೆ.

ವಿಜಯದಶಮಿಯ ದಿನ ಮೇಷ್ಟರು ಮರುಪೂಜೆ ಮುಗಿಸಿ ಲ್ಯಾಪ್‌ಟಾಪ್ ಕೊಡುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬ್ಯಾಟರಿ ಒಂದು ಗಂಟೆ ಬರುತ್ತದೆ ಎಂದಿದ್ದರು, ಹಬ್ಬದ ದಿನವೂ ಮನೆಯಲ್ಲಿ ಕರೆಂಟಿರಲಿಲ್ಲ, ಪೆಟ್ಟಿಗೆಗೆ ಹುಳು ಮನೆಯ ಬ್ಯಾಟರಿಯೇ ಗತಿ. ಹುಳು ಮನೆಯ ಹೊರಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಲ್ಯಾಪ್‌ಟಾಪಿಗೆ ಪೆಟ್ಟಿಗೆ ಸಿಗಲಿಲ್ಲ. ತಲೆಯೆತ್ತಿ ನೋಡಿದರೆ ಕಿಟಕಿಗೆ ಗೋಣಿತಾಟು, ನೀರು ತೊಟ್ಟಿಕ್ಕುತ್ತಿದೆ.

"ಅವ್ವ, ಆ ಗೋಣಿ ಒಸಿ ಎತ್ತು."

ಒಳಗಿಂದ ಉತ್ತರ ಬಂತು. "ಎತ್ತಕ್ಕಿಲ್ಲ. ಉಳ ಸೊಪ್ಪು ಮೇಯ್ತಾವೆ, ಕಾವು ಬಡೀತದೆ."

"ಆ ಪೆಟ್ಟಿಗೇಲಿ ನಿನ್ ಮಿಷಿನ್ನೈತೆ ಕಣವ್ವ. ಮೂರ್ ವರ್ಸದ್ದು."

ಅವ್ವ ಗೋಣಿ ಎತ್ತಲಿಲ್ಲ, ಪೆಟ್ಟಿಗೆಯನ್ನೇ ಎತ್ತಿದಳು. ಕರೆಂಟಿನ ತಂತಿ ಎಷ್ಟು ಉದ್ದ ಬರುತ್ತದೋ ಅಷ್ಟು ಎಳೆದುಕೊಂಡು, ಕಿಟಕಿಯ ಪಕ್ಕದ ಒಣ ಗೋಡೆಗೆ ಒತ್ತಿ ಹಿಡಿದು ನಿಂತಳು. "ಈಗ?" ಅಂದಳು. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಹೆಸರು ಬಂತು, ಹೋಯಿತು. "ಇನ್ನೊಸಿ ಎಡಕ್ಕೆ," ಅಂದೆ. ಮತ್ತೆ ಬಂತು, ಈ ಸಲ ನಿಂತಿತು.

ನಕ್ಷೆಗಳು ಒಂದೊಂದಾಗಿ ಗೋಡೆ ದಾಟಿ ನನ್ನ ತೊಡೆಯ ಮೇಲೆ ಇಳಿಯತೊಡಗಿದವು. ಚೌಕಟ್ಟು ಬಂತು. ಪೆಡಲು ಬಂತು. ಸ್ಪ್ರಿಂಗು, ಅದರ ಕೊಕ್ಕೆ. ಅಪ್ಪ ಯಾವಾಗ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತನೋ ಗೊತ್ತಾಗಲಿಲ್ಲ. ಗೋಡೆಯನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡುತ್ತಿದ್ದ. "ಬತ್ತಾ ಐತಾ?" ಎಂದು ಪಿಸುಮಾತಿನಲ್ಲಿ ಕೇಳಿದ. "ಬತ್ತಾ ಐತೆ ಕಣಪ್ಪ," ಅಂದೆ. ಒಳಗೆ ಅವ್ವ ಮುಕ್ಕಾಲು ಗಂಟೆ ಪೆಟ್ಟಿಗೆಯನ್ನು ಕೈಬದಲಾಯಿಸುತ್ತ ಹಿಡಿದೇ ಇದ್ದಳು. ನಡುವೆ ಒಮ್ಮೆಯೂ ಕೈಸೋತಿತು ಅನ್ನಲಿಲ್ಲ.

ಒಂದೇ ಒಂದು ನಕ್ಷೆ ತೆರೆಯಲಿಲ್ಲ. ಬಾಚಣಿಗೆಯ ಹಲ್ಲಿನದು. ಅದನ್ನು ಉಳಿಸಿದ ದಿನ ಗೋಣಿ ಒದ್ದೆಯಿದ್ದಿರಬೇಕು. ಅಂಥ ಪೆಟ್ಟಿಗೆಯನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ ಇಂದಿಗೂ ನಾನು ಕೊಡುವ ಉತ್ತರ ಇಷ್ಟೇ. ನಂಬಬಹುದು, ವಾರಕ್ಕೊಮ್ಮೆ ತೆರೆದು ನೋಡಿದರೆ. ಆದರೆ ಅವತ್ತು ನನಗೆ ಬೇಸರವೇ ಆಗಲಿಲ್ಲ. ಆ ಹಲ್ಲುಗಳನ್ನು ನಾನು ಹನ್ನೊಂದು ಸಲ ತಿದ್ದಿ ಬರೆದಿದ್ದೆ, ಅಳತೆಗಳು ನಾಲಿಗೆಯ ತುದಿಯಲ್ಲಿದ್ದವು.

ಮಾರನೆಯ ದಿನ ರಾಮನಗರದ ಪ್ರಿಂಟಿಂಗ್ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಲ್ಯಾಪ್‌ಟಾಪ್ ಸಮೇತ ಹೋಗಿ ನಿಂತು ಪ್ರಿಂಟು ಹಾಕಿಸಿದೆ. ಕನಕಪುರದ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹಲ್ಲಿನ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆದೆ. ರಸ್ತೆಯ ಗುಂಡಿಗಳಿಗೆ ಗೆರೆಗಳು ಓಲಾಡಿದ್ದವು. ವರ್ಕ್‌ಶಾಪಿನ ಹಿರಿಯರು ಹಾಳೆಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿ, ಕನ್ನಡಕ ಏರಿಸಿ, ಕ್ಯಾಲೆಂಡರಿನ ಹಾಳೆಯನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಅಳ್ತೆ ಸರ್ಯಾಗೈತೆ. ಗೆರೆ ಯಾಕಿಂಗೆ ಕುಡ್ದಿರೋ ಅಂಗೈತೆ?" ಎಂದು ಕೇಳಿ, ಕೆಲಸದವರನ್ನು ಕರೆದು ತಗಡು ಅಳೆಯಲು ಹೇಳಿದರು.

ಯಂತ್ರ ಟೆಂಪೋದಲ್ಲಿ ಬಂದ ದಿನ ಅದೇ ಬೆಳೆಯ ಗೂಡು ಬಿಡಿಸುವ ಕಾಲ. ಅಂಗಳದಲ್ಲಿ ಇಳಿಸಿ, ಒಂದು ಚಂದ್ರಿಕೆ ಸಿಕ್ಕಿಸಿದೆ. ಬೀದಿಯ ಅರ್ಧ ಜನ ನಗಲು ಸಿದ್ಧವಾಗಿ ನಿಂತಿದ್ದರು. ಅವ್ವ ಸೀರೆ ಎತ್ತಿ ಕಟ್ಟಿ ಪೆಡಲಿನ ಮೇಲೆ ಕಾಲಿಟ್ಟು ತುಳಿದಳು. ಹಲ್ಲುಗಳು ಇಳಿದವು, ಒಂದು ಸಾಲು ಗೂಡು ಕೆಳಗಿನ ಮಂಕರಿಗೆ ದುಬುದುಬು ಬಿತ್ತು.

ಅವ್ವ ಬಗ್ಗಿ ಒಂದು ಗೂಡು ಎತ್ತಿಕೊಂಡಳು. ಕಲೆಯಿದೆಯೇ ಎಂದು ಬಿಸಿಲಿಗೆ ಹಿಡಿದಳು. ಆಮೇಲೆ ಅದನ್ನು ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದಳು. ಒಳಗಿನದು ಜಜ್ಜಿಹೋಗಿದ್ದರೆ ಸದ್ದು ಬರುವುದಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಜೀವ ಐತೆ ಕಣ್ಲಾ," ಅಂದಳು.

ಆಮೇಲೆ ನನ್ನನ್ನು ಪಕ್ಕಕ್ಕೆ ತಳ್ಳಿ ಕೂತವಳು, ಅಂಗಳದಲ್ಲಿದ್ದ ಅಷ್ಟೂ ಚಂದ್ರಿಕೆ ಮುಗಿಯುವವರೆಗೆ ಯಾರಿಗೂ ಪೆಡಲು ಬಿಟ್ಟುಕೊಡಲಿಲ್ಲ. ಅವತ್ತು ಮಧ್ಯಾಹ್ನ ಅವಳು ತನ್ನ ಬಲಗೈಯಲ್ಲೇ ಮುದ್ದೆ ಮುರಿದು ಉಂಡಳು.